ವಾಲ್ವ್ ನಿರಪರಾಧಿ

ಹಳೆಯ ವಾಲ್ವ್ ಆಂಪ್ಲಿಫೈಯರ್ ಕೆಟ್ಟಿತೆಂದರೆ ಮೊದಲು ಅಪರಾಧಿಯ ಸ್ಥಾನದಲ್ಲಿ ನಿಲ್ಲುವುದು ವಾಲ್ವ್. ಅದು ಕಣ್ಣಿಗೆ ಕಾಣುತ್ತದೆ, ಕಿತ್ತು ಬೇರೊಂದನ್ನು ಸಿಕ್ಕಿಸಲು ಬರುತ್ತದೆ, ಮಾರುವವನಿಗೆ ಲಾಭವನ್ನೂ ತರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಯನ್ನು ರಿಪೇರಿ ಎಂದು ಕರೆಯುವುದೇ ತಪ್ಪು.

ಕಲ್ಕತ್ತೆಯಂಥ ಊರಿನಲ್ಲಿ ಈ ಅನ್ಯಾಯ ಇನ್ನಷ್ಟು ದೊಡ್ಡದು. 1908ರಲ್ಲಿ ಸಿಯಾಲ್ದಾದಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆಯನ್ನೂ 1927ರ ಆಗಸ್ಟಿನಲ್ಲಿ ಬಾನುಲಿ ಕೇಂದ್ರವನ್ನೂ ಕಂಡ ನಗರವದು. ಬಿಡಿಭಾಗಗಳಿಗೆ ಹೆಸರಾದ ಚಾಂದನಿ ಮಾರುಕಟ್ಟೆ ಇಂದಿಗೂ ಅಲ್ಲಿದೆ. ಈ ಕಥೆಯಲ್ಲಿ ನಮಗೂ ಪಾಲುಂಟು: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ತೊಡಗಿತು. ಅದರ ಇಎಲ್84 ವಾಲ್ವನ್ನು ಇಂದಿಗೂ ಹುಡುಕಿ ಕೊಳ್ಳುವವರಿದ್ದಾರೆ. ಆ ತಯಾರಿಕೆ ಎಂದೋ ನಿಂತಿದೆ. ಹೀಗಿರುವಾಗ ಕಾರಣ ತಿಳಿಯದೆ ಸುಡುವ ಒಂದೊಂದು ವಾಲ್ವೂ ಮರಳಿ ಬಾರದ ನಷ್ಟ.

ನಿಜವಾದ ಅಪರಾಧಿ ಬಹಳ ಸಲ ಬೆರಳಿನಷ್ಟು ದಪ್ಪದ ಒಂದು ಕೆಪಾಸಿಟರ್. ಮೊದಲ ಹಂತದ ಆನೋಡಿನಲ್ಲಿರುವ ನೂರಕ್ಕೂ ಮೇಲ್ಪಟ್ಟ ವೋಲ್ಟುಗಳನ್ನು ತಡೆದು, ಸಂಗೀತವನ್ನು ಮಾತ್ರ ಮುಂದಿನ ವಾಲ್ವಿನ ಗ್ರಿಡ್ಡಿಗೆ ದಾಟಿಸುವುದು ಅದರ ಕೆಲಸ. ಹಳೆಯ ಮೇಣಕಾಗದದ ಕೆಪಾಸಿಟರ್ ಹೂಗ್ಲಿ ತೀರದ ತೇವವನ್ನು ಹೀರಿ ಸೋರತೊಡಗುತ್ತದೆ. ಆಗ ಗ್ರಿಡ್ ಧನಾತ್ಮಕವಾಗುತ್ತದೆ, ವಾಲ್ವಿನಲ್ಲಿ ಪ್ರವಾಹ ಮಿತಿಮೀರುತ್ತದೆ, ಆನೋಡ್ ಕೆಂಪಗೆ ಕಾಯುತ್ತದೆ. ಹೊಸ ವಾಲ್ವ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಕರೆದೊಯ್ಯಬಹುದು.

ಇದನ್ನು ಕಂಡುಹಿಡಿಯಲು ಪವಾಡ ಬೇಡ, ಮೀಟರ್ ಸಾಕು. ಗ್ರಿಡ್ಡಿನಲ್ಲಿ ಇರಬಾರದ ಧನ ವೋಲ್ಟೇಜ್ ಕಂಡಿತೇ? ವಾಲ್ವ್ ಕಿತ್ತು ಮತ್ತೆ ಅಳೆಯಿರಿ. ವೋಲ್ಟೇಜ್ ಉಳಿದರೆ ಕೆಪಾಸಿಟರ್ ತಪ್ಪಿತಸ್ಥ. ಮಾಯವಾದರೆ ವಾಲ್ವ್ ಮೇಲೆ ಸಂದೇಹ ಪಡಿ. ಫಿಲಮೆಂಟುಗಳು ಸಾಲಾಗಿ ಜೋಡಿಸಲ್ಪಟ್ಟ ಸೆಟ್ಟಿನಲ್ಲಿ ಈ ಪರೀಕ್ಷೆ ನಡೆಯದು, ಏಕೆಂದರೆ ಒಂದನ್ನು ಕಿತ್ತರೆ ಎಲ್ಲವೂ ಆರುತ್ತವೆ. ಗುಂಯ್ ಶಬ್ದಕ್ಕೂ ಭಾಷೆಯಿದೆ: ಅದು 100 ಹರ್ಟ್ಸ್ ಆಗಿದ್ದರೆ ಫಿಲ್ಟರ್ ಕೆಪಾಸಿಟರನ್ನು ನೋಡಬೇಕು, 50 ಆಗಿದ್ದರೆ ಫಿಲಮೆಂಟಿನ ಸೋರಿಕೆಯನ್ನೋ ಭೂಸಂಪರ್ಕವನ್ನೋ ನೋಡಬೇಕು.

ವಾಲ್ವ್ ಸವೆಯುವುದೇ ಇಲ್ಲವೇ ಎಂದು ಕೇಳಬಹುದು. ಸವೆಯುತ್ತದೆ, ಕ್ಯಾಥೋಡಿನ ಶಕ್ತಿ ಕಾಲಕ್ರಮೇಣ ಕುಂದುತ್ತದೆ. ನನ್ನ ಆಕ್ಷೇಪ ವಾಲ್ವ್ ಬದಲಿಸುವುದಕ್ಕಲ್ಲ, ಅಳೆಯದೆ ಬದಲಿಸುವುದಕ್ಕೆ. ವಿಕೃತಿಯನ್ನೇ ‘ಬೆಚ್ಚನೆಯ ನಾದ’ವೆಂದು ಕೊಂಡಾಡುವ ರಸಿಕತೆಗೂ ಇದೇ ಮಾತು ಸಲ್ಲುತ್ತದೆ. ಸೋರುವ ಕೆಪಾಸಿಟರಿನ ಬಿಸಿ ಸಂಗೀತದ ಗುಣವಲ್ಲ.

ಇಲ್ಲಿ ಪಣಕ್ಕಿರುವುದು ನಾದವಷ್ಟೇ ಅಲ್ಲ. ಆಂಪ್ಲಿಫೈಯರ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟು ಅಡಗಿರಬಹುದು. ಡಿಸಿ ಪೂರೈಕೆಯಿದ್ದ ಹಳೆಯ ಕಲ್ಕತ್ತೆಯಂಥ ನಗರಗಳಿಗೆ ಒಗ್ಗುವಂತೆ ಟ್ರಾನ್ಸ್‌ಫಾರ್ಮರಿಲ್ಲದೆ ಕಟ್ಟಿದ ಎಸಿ-ಡಿಸಿ ಸೆಟ್ಟುಗಳಲ್ಲಿ ಲೋಹದ ಚಾಸಿಯೇ ನೇರವಾಗಿ ವಿದ್ಯುತ್ ತಂತಿಗೆ ಸೇರಿರುತ್ತದೆ. ಅಜ್ಞಾನಕ್ಕೆ ಇಲ್ಲಿ ತೆರಬೇಕಾದ ಬೆಲೆ ಪ್ರಾಣ.

ಆದರೂ ಈ ಅರಿವು ನಮ್ಮ ಬರವಣಿಗೆಯಲ್ಲಿ ಎಷ್ಟಿದೆ? ಅಜ್ಜನ ರೇಡಿಯೊ, ಸಂಜೆಯ ಹಾಡು, ಮರದ ಪೆಟ್ಟಿಗೆಯ ಹೊಳಪು, ಇವುಗಳ ಕುರಿತ ಹಂಬಲದ ಪ್ರಬಂಧಗಳಿಗೆ ಕನ್ನಡದಲ್ಲಿ ಬರವಿಲ್ಲ. ಆ ಪೆಟ್ಟಿಗೆಯನ್ನು ನಲವತ್ತು ವರ್ಷ ಹಾಡಿಸಿದ ಕೈಯ ತಿಳಿವಳಿಕೆ ಮಾತ್ರ ಬರಹಕ್ಕೆ ಇಳಿಯದೆ, ಮುದಿ ಮೆಕ್ಯಾನಿಕ್‌ಗಳೊಡನೆ ಮಣ್ಣಾಗುತ್ತಿದೆ. ನೆನಪು ಸಾಹಿತ್ಯಕ್ಕೆ ಯೋಗ್ಯ, ದುರಸ್ತಿ ಯೋಗ್ಯವಲ್ಲ ಎಂಬ ಮೇಲು-ಕೀಳನ್ನು ಮಾಡಿದವರು ನಾವೇ, ಬರೆಯುವವರು. ಇನ್ನು ಮುಂದೆ ಹಳೆಯ ರೇಡಿಯೊ ಕುರಿತು ಕಣ್ಣೀರು ಸುರಿಸುವವರು ಅದರ ಹಿಂಬದಿಯ ಹಲಗೆಯನ್ನು ಬಿಚ್ಚಬಲ್ಲವರೊಬ್ಬರ ಬಳಿ ಒಂದು ಮಧ್ಯಾಹ್ನ ಕುಳಿತು, ಕೇಳಿ, ಬರೆದುಕೊಳ್ಳಲಿ.