ದುಡ್ಡೇ ದೊಡ್ಡಪ್ಪನೆ?

ನಮ್ಮ ಗಾದೆಗಳಲ್ಲಿ ಕೆಲವಕ್ಕೆ ಅರ್ಧಾಯುಷ್ಯ. ಮೊದಲ ಅರ್ಧ ಎಲ್ಲರ ಬಾಯಲ್ಲಿಯೂ ಉಳಿದು, ಎರಡನೆಯದು ಮರೆತುಹೋಗಿರುತ್ತದೆ. "ದುಡ್ಡೇ ದೊಡ್ಡಪ್ಪ" ಎಂಬುದು ಅಂಥದೊಂದು. ಪೇಟೆಯಲ್ಲಿ, ಮದುವೆಯ ಚಪ್ಪರದಲ್ಲಿ, ಕಚೇರಿಯ ಜಗಲಿಯಲ್ಲಿ ಇಷ್ಟನ್ನೇ ಹೇಳಿ ನಿಟ್ಟುಸಿರು ಬಿಡುವವರು ಬಹುಮಂದಿ. "ವಿದ್ಯೆ ಅವರಪ್ಪ" ಎಂಬ ಮುಂದಿನ ಮಾತನ್ನು ಸೇರಿಸುವವರು ಕಡಮೆ. ಅರ್ಧವನ್ನು ಕೇಳಿದವನಿಗೆ ಅದು ಧನಸ್ತೋತ್ರವಾಗಿ ತೋರುತ್ತದೆ. ಪೂರ್ತಿ ಕೇಳಿದವನಿಗೆ ಅದೇ ಧನಕ್ಕೆ ಹಾಕಿದ ಮೂಗುದಾರವಾಗುತ್ತದೆ. ಈ ತಿಂಗಳು ನಾವು ಓದುಗರ ಮುಂದಿಡಹೊರಟಿರುವ ವಿಷಯ ದೂರದೇಶದ್ದು. ಆದರೂ ಅದರ ಮರ್ಮ ಈ ಅರ್ಧಗಾದೆಯಲ್ಲಿಯೇ ಇದೆ.

ನಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಸೋದರಳಿಯನೊಬ್ಬನಿದ್ದಾನೆ. ಅಮೆರಿಕದ ಹಿಪ್‌ಹಾಪ್ ಹಾಡುಗಳನ್ನು ಕೇಳುವುದು ಅವನ ಸಂಜೆಯ ವಿನೋದ. ಒಂದು ಭಾನುವಾರ ಅವನು ಅಂಥದೊಂದು ಹಾಡನ್ನು ಗಟ್ಟಿಯಾಗಿ ಹಾಕಿದ್ದನು. ಪಲ್ಲವಿಯಲ್ಲಿ ಮೇಲಿಂದ ಮೇಲೆ ಹಣದ ಮಾತೇ ಬರುತ್ತಿದ್ದುದನ್ನು ಕೇಳಿ, ಹಿರಿಯರಿಗೆ ಸಹಜವಾದ ರೀತಿಯಲ್ಲಿ ನಾವು ರೇಗಿದೆವು. "ಇದೇನು ಹಾಡೋ, ದುಡ್ಡೇ ದೊಡ್ಡಪ್ಪನೆಂದು ಕಲಿಸುವ ಪಾಠವೋ?" ಎಂದೆವು. ಹುಡುಗನು ಸಿಟ್ಟಾಗಲಿಲ್ಲ. "ಮಾವ, ನೀವು ಪಲ್ಲವಿಯನ್ನು ಕೇಳಿ ರೇಗುತ್ತಿದ್ದೀರಿ. ಚರಣವನ್ನು ಕೇಳಿದಿರಾ?" ಎಂದನು. ನಾವು ಕೇಳಿರಲಿಲ್ಲ. ಅಂದಿನಿಂದ ಕೆಲವು ಸಂಜೆಗಳಲ್ಲಿ ಅವನನ್ನೇ ಉಪಾಧ್ಯಾಯನನ್ನಾಗಿ ಮಾಡಿಕೊಂಡು ಕೇಳಿದುದರ ಸಾರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಹಾಡುಗಳ ಹುಟ್ಟೂರು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗ. ೧೯೭೩ನೆಯ ಇಸವಿ ಆಗಸ್ಟ್ ೧೧ರಂದು, ಸೆಜ್‌ವಿಕ್ ಅವೆನ್ಯೂವಿನ ೧೫೨೦ನೆಯ ನಂಬರಿನ ದೊಡ್ಡ ವಠಾರದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಒಂದು ಕುಣಿತದ ಕೂಟವನ್ನು ಏರ್ಪಡಿಸಿದಳು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಾಗಿತ್ತು. ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು ಪ್ರವೇಶದರ. ಜಮೈಕಾದಲ್ಲಿ ಹುಟ್ಟಿ ಬಂದ ಅವಳ ಅಣ್ಣ ಕ್ಲೈವ್, "ಕೂಲ್ ಹರ್ಕ್" ಎಂದು ಮುಂದೆ ಪ್ರಸಿದ್ಧನಾದವನು, ಅಂದು ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದನು. ಹಾಡಿನಲ್ಲಿ ತಾಳ ಮಾತ್ರ ಕೇಳಿಬರುವ ತುಣುಕನ್ನು ಹಿಡಿದು ಅದನ್ನೇ ಮತ್ತೆ ಮತ್ತೆ ನುಡಿಸುವುದು ಅವನ ಹೊಸ ಉಪಾಯ. ಅಂಥ ತಾಳದ ಮೇಲೆ ಪ್ರಾಸ ಕೂಡಿಸಿ ಮಾತಾಡುವ ಕಲೆಯೇ "ರ್‍ಯಾಪ್" ಎನಿಸಿತು. ಹಿಪ್‌ಹಾಪಿನ ಜನ್ಮದಿನವೆಂದು ಲೋಕವು ಆ ದಿನವನ್ನೇ ಆಚರಿಸುತ್ತದೆ. ಎಂದಮೇಲೆ ಹಣದ ಚಿಂತೆಯು ಈ ಹಾಡಿಗೆ ಹುಟ್ಟಿನೊಡನೆಯೇ ಬಂದುದು. ಮೊದಲಿಗೆ ಅದು ಶಾಲೆಯ ಬಟ್ಟೆಯ ಚಿಂತೆಯಾಗಿತ್ತು.

ಆ ಕಾಲದ ಬ್ರಾಂಕ್ಸಿನ ಸ್ಥಿತಿ ದಾರುಣವಾದುದು. ೧೯೪೮ರಲ್ಲಿ ಕೆಲಸ ಮೊದಲಾದ ಒಂದು ಹೆದ್ದಾರಿಯು ಬೀದಿಬೀದಿಗಳನ್ನು ಸೀಳಿಕೊಂಡು ಹೋಗಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿತ್ತು. ಕಾರ್ಖಾನೆಗಳು ಮುಚ್ಚಿದವು. ೧೯೭೦ರ ದಶಕದಲ್ಲಿ ಮನೆಗಳು ಸಾಲುಸಾಲಾಗಿ ಸುಟ್ಟುಹೋದವು. ವಿಮೆಯ ಹಣಕ್ಕಾಗಿ ಮಾಲಿಕರೇ ಬೆಂಕಿ ಇಡಿಸಿದ ಪ್ರಸಂಗಗಳೂ ಉಂಟು. ಇಂಥ ಕಡೆ ಬೆಳೆದವರ ಬಾಯಲ್ಲಿ "ಹಸಲ್" ಎಂಬ ಶಬ್ದವು ಬಲಗೊಂಡಿತು. ಅದರ ಮೂಲ ಡಚ್ ಭಾಷೆಯದು. ಅಲ್ಲಿ ಅಲುಗಾಡಿಸು, ಕುಲುಕು ಎಂದು ಅರ್ಥ. ಇಂಗ್ಲಿಷಿನಲ್ಲಿ ನೂಕುನುಗ್ಗಲೆಂದಾಗಿ, ಬಡವರ ಬೀದಿಯಲ್ಲಿ "ಹೇಗಾದರೂ ನಾಲ್ಕು ಕಾಸು ಹುಟ್ಟಿಸುವುದು" ಎಂಬ ಅರ್ಥಕ್ಕೆ ಬಂದಿತು. ನಮ್ಮ "ಹೊಟ್ಟೆಪಾಡು" ಎಂಬ ಮಾತಿಗೆ ಇದು ಹತ್ತಿರ; ಆದರೆ ಬೀದಿಯಲ್ಲಿ ಸಾಮಾನು ಮಾರುವ ದುಡಿಮೆಯೂ, ಕಳ್ಳತನವೂ, ಮಾದಕದ್ರವ್ಯದ ವ್ಯಾಪಾರವೂ ಆ ಒಂದೇ ಶಬ್ದದೊಳಗೆ ಅಡಗುತ್ತವೆ. ಒಳ್ಳೆಯದನ್ನೂ ಕೆಟ್ಟುದನ್ನೂ ಒಂದೇ ಹೆಸರಿನಿಂದ ಕರೆಯಬೇಕಾಗಿ ಬಂದವರ ಇಕ್ಕಟ್ಟೇ ಈ ಹಾಡುಗಳ ನೀತಿವಿಚಾರದ ಮೊದಲ ಗಂಟು.

೧೯೮೨ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಅವನ ಸಂಗಡಿಗರ ಹೆಸರಿನಲ್ಲಿ "ದಿ ಮೆಸೇಜ್" ಎಂಬ ಹಾಡು ಹೊರಬಂದಿತು. ಅದರ ಕೊನೆಯ ಚರಣದಲ್ಲಿ ಒಂದು ಮಗುವಿನ ಕಥೆಯಿದೆ. ಬಡತನದಲ್ಲಿ ಹುಟ್ಟಿದ ಆ ಮಗುವಿನ ಕಣ್ಣಿಗೆ ಬೀದಿಯಲ್ಲಿ ದುಡ್ಡುಳ್ಳವರಾಗಿ ಕಾಣುವವರೆಂದರೆ ಜೂಜುಗಾರರು, ತಲೆಹಿಡುಕರು, ಪುಂಡರು. ದೊಡ್ಡ ಮೋಟಾರಿನಲ್ಲಿ ಓಡಾಡುವ ಅವರಂತೆಯೇ ತಾನೂ ಆಗಬೇಕೆಂದು ಹುಡುಗನು ಶಾಲೆ ಬಿಡುತ್ತಾನೆ, ಸುಲಿಗೆಗೆ ಇಳಿಯುತ್ತಾನೆ, ಸೆರೆಮನೆ ಸೇರುತ್ತಾನೆ; ಕಡೆಗೆ ಕೋಣೆಯಲ್ಲಿ ನೇಣಿನಲ್ಲಿ ಹೆಣವಾಗಿ ಕಾಣುತ್ತಾನೆ. ಇಲ್ಲಿ ಕವಿಯು ಉಪದೇಶವನ್ನೇನೂ ಮಾಡಿಲ್ಲ. ಮಗುವಿನ ಕಣ್ಣಿಗೆ ಯಾರು ಆದರ್ಶಪುರುಷರಾಗಿ ಬಿದ್ದರೆಂಬುದನ್ನು ಹೇಳಿದ್ದಾನೆ, ಅಷ್ಟೆ.

೧೯೮೭ರ "ಪೇಯ್ಡ್ ಇನ್ ಫುಲ್" ಎಂಬ ಹಾಡು ಎರಿಕ್ ಬಿ. ಮತ್ತು ರಾಕಿಮ್ ಎಂಬ ಜೋಡಿಯದು. "ಪೂರಾ ಸಂದಾಯವಾಯಿತು" ಎಂಬಂಥ ಈ ಹೆಸರನ್ನು ಕೇಳಿದರೆ ಧನಿಕನ ಡೌಲಿನ ಹಾಡಿರಬೇಕೆನಿಸುತ್ತದೆ. ಒಳಹೊಕ್ಕು ನೋಡಿದರೆ ಹಾಡುವವನ ಜೇಬು ಬರಿದು. ಹಿಂದೆ ಸುಲಿಗೆ ಮಾಡಿ ಬದುಕುತ್ತಿದ್ದವನು, ಈಗ ಆ ದಾರಿ ತರವಲ್ಲವೆಂದು ಅರಿತಿದ್ದಾನೆ. ಆದರೆ ಹಸಿವು ಬಿಟ್ಟಿಲ್ಲ. ಹಳೆಯ ಕಸುಬು ಕೈಬೀಸಿ ಕರೆಯುತ್ತಿರುವಾಗ, ಬೆಳಗಿನಿಂದ ಸಂಜೆಯವರೆಗಿನ ಒಂದು ಸಾಧಾರಣ ನೌಕರಿಯನ್ನು ಹುಡುಕಿದರೆ ಜೀವವಾದರೂ ಉಳಿದೀತೆಂದು ಯೋಚಿಸುತ್ತಾನೆ. ಬರಿಯ ಕೈಯಲ್ಲಿ ನಿಂತು ಧರ್ಮಾಧರ್ಮವನ್ನು ತೂಗುವವನ ಮಾತು ಇದು. ತುಂಬಿದ ಉಗ್ರಾಣದ ಮುಂದೆ ಕುಳಿತು ಅಸ್ತೇಯವ್ರತವನ್ನು ಕುರಿತು ಪ್ರವಚನ ಮಾಡುವುದು ಇದಕ್ಕಿಂತ ಸುಲಭವೆಂಬುದನ್ನು ಓದುಗರು ಒಪ್ಪುವರೆಂದು ನಂಬಿದ್ದೇವೆ.

ಇನ್ನು ನಮ್ಮನ್ನು ರೇಗಿಸಿದ ಹಾಡು. ಅದು ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿನವರಾದ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಮೇಳದವರು ೧೯೯೩ರಲ್ಲಿ ಹೊರತಂದುದು. ಅದರ ಹೆಸರು "ಕ್ರೀಮ್," ಎಂದರೆ ಕೆನೆ. ಆ ಇಂಗ್ಲಿಷ್ ಶಬ್ದದ ಒಂದೊಂದು ಅಕ್ಷರವೂ ಒಂದೊಂದು ಮಾತಿನ ಮೊದಲಕ್ಷರವಾಗಿದ್ದು, ನಮ್ಮ ಸುತ್ತಲಿನದನ್ನೆಲ್ಲ ಆಳುತ್ತಿರುವುದು ಹಣವೇ ಎಂಬ ಅರ್ಥವನ್ನು ಕೊಡುತ್ತದೆ. ಪಲ್ಲವಿಯೂ ಅದನ್ನೇ ಸಾರುತ್ತದೆ. ಅಂಗಿಗಳ ಮೇಲೆ, ಅಂಗಡಿಗಳ ಗೋಡೆಗಳ ಮೇಲೆ ಈ ಅರ್ಧ ಮಾತ್ರವೇ ಅಚ್ಚಾಗಿ ಮೆರೆಯುತ್ತಿದೆ. ಚರಣಗಳ ಕಥೆ ಬೇರೆ. ಎರಡನೆಯ ಚರಣವನ್ನು ಹಾಡುವ ಇನ್‌ಸ್ಪೆಕ್ಟಾ ಡೆಕ್ ಎಂಬವನು, ಹದಿನೈದನೆಯ ವಯಸ್ಸಿನಲ್ಲಿ ಕೈಕೋಳ ತೊಟ್ಟು, ಇತರ ಕೈದಿಗಳೊಡನೆ ಬಸ್ಸಿನ ಹಿಂಭಾಗದಲ್ಲಿ ಕುಳಿತು ಸೆರೆಮನೆಗೆ ಹೋದುದನ್ನು ಹೇಳುತ್ತಾನೆ. ಎದೆಗುಂದಿ ತಾಯಿಯ ಬಳಿಗೆ ಹೋದರೆ, ಕಷ್ಟಪಟ್ಟು ದುಡಿದರೆ ಈ ನೋವನ್ನು ದಾಟಬಹುದೆಂದು ಅವಳು ತಿಳಿಯಹೇಳುತ್ತಾಳೆ. ಈಗ ಕಿರಿಯರಿಗೆ ತಾನು ಬುದ್ಧಿ ಹೇಳಹೋದರೆ ಅವರಿಗೆ ಅದು ಕೇಳಿಸುವುದೇ ಇಲ್ಲವೆಂದು ಮರುಗುತ್ತಾನೆ. ಇಷ್ಟಾದ ಮೇಲೆ ಪಲ್ಲವಿಯು ಮತ್ತೆ ಬರುತ್ತದೆ. ಆಗ ಅದನ್ನು ಕೇಳಿದರೆ ಹಣದ ಸ್ತೋತ್ರವೆನಿಸುವುದಿಲ್ಲ. ಆಳುವ ಅರಸನು ಕ್ರೂರಿಯೆಂದು ಪ್ರಜೆಗಳು ಹೇಳಿಕೊಳ್ಳುವ ದೂರೆನಿಸುತ್ತದೆ.

ಆದರೆ ಎಲ್ಲ ಹಾಡುಗಳೂ ಹೀಗೆಯೇ ಎಂದರೆ ಓದುಗರಿಗೆ ಮೋಸ ಮಾಡಿದಂತಾದೀತು. ಬ್ರೂಕ್ಲಿನ್ನಿನ ನಟೋರಿಯಸ್ ಬಿ.ಐ.ಜಿ. ಎಂಬವನು "ಕ್ರ್ಯಾಕ್" ಎಂಬ ಕೊಕೇನಿನ ವ್ಯಾಪಾರಕ್ಕೆ ಹತ್ತು ಕಟ್ಟಳೆಗಳನ್ನು ಕಟ್ಟಿ ಹಾಡಿದ್ದಾನೆ. ಉದ್ದರಿ ಕೊಡಬೇಡ, ಕೈಯಲ್ಲಿರುವ ಹಣವೆಷ್ಟೆಂದು ಹೇಳಬೇಡ, ಸಂಸಾರವನ್ನೂ ವ್ಯಾಪಾರವನ್ನೂ ಬೆರೆಸಬೇಡ ಎಂಬವನ್ನು ಓದಿದರೆ ನಮ್ಮ ಚಿಕ್ಕಪೇಟೆಯ ಯಾವ ವರ್ತಕರೂ ತಲೆದೂಗಬಹುದು. ಅವುಗಳ ನಡುವೆ, ಮಾರುವ ಸರಕನ್ನು ತಾನು ಮುಟ್ಟಬಾರದೆಂಬ ಕಟ್ಟಳೆಯೂ ಇದೆ. ತಾನು ಮಾರುತ್ತಿರುವುದು ವಿಷವೆಂದು ಮಾರುವವನಿಗೆ ಗೊತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಹಾಡುಳ್ಳ ಸಂಪುಟ ಹೊರಬಂದುದು ೧೯೯೭ರ ಮಾರ್ಚ್ ೨೫ರಂದು. ಅದಕ್ಕೆ ಹದಿನಾರು ದಿನ ಮೊದಲೇ, ೨೪ ವರ್ಷದ ಆ ಗಾಯಕನು ಲಾಸ್ ಏಂಜಲಿಸಿನಲ್ಲಿ ಗುಂಡೇಟಿಗೆ ಬಲಿಯಾಗಿದ್ದನು. ಹಣ ಹೆಚ್ಚಿದಷ್ಟೂ ತಾಪತ್ರಯ ಹೆಚ್ಚೆಂಬ ಅವನ ಇನ್ನೊಂದು ಹಾಡು ಅವನ ಮರಣಾನಂತರ ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು.

ಇಂಥ ಹಾಡುಗಳನ್ನು ಖಂಡಿಸಿದವರು ಅವರ ಜನರಲ್ಲಿಯೇ ಇದ್ದರು. ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಸಿ. ಡೆಲೋರಿಸ್ ಟಕರ್ ಎಂಬ ಮಹಿಳೆಯು, ಹೆಂಗಸರನ್ನು ಹೀನಾಯವಾಗಿ ನುಡಿಯುವ ಹಾಡುಗಳನ್ನು ವಿರೋಧಿಸಿ, ಅವುಗಳಿಂದ ಲಾಭ ಪಡೆಯುತ್ತಿದ್ದ ಕಂಪನಿಯ ಷೇರುಗಳನ್ನೇ ಕೊಂಡು, ೧೯೯೫ರಲ್ಲಿ ಷೇರುದಾರರ ಸಭೆಯಲ್ಲಿ ನಿಂತು ಪ್ರಶ್ನಿಸಿದರು. ಆಕೆಯ ಪ್ರಶ್ನೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಗಾಯಕರ ಮರುಪ್ರಶ್ನೆಯಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ೧೯೮೬ರ ಅಮೆರಿಕದ ಕಾನೂನಿನಂತೆ, ಬಡವರ ಬೀದಿಯಲ್ಲಿ ಮಾರುತ್ತಿದ್ದ ಕ್ರ್ಯಾಕ್ ೫ ಗ್ರಾಂ ಇದ್ದರೆ ಕನಿಷ್ಠ ಐದು ವರ್ಷ ಸೆರೆ. ಸಿರಿವಂತರೂ ಬಳಸುತ್ತಿದ್ದ ಕೊಕೇನ್ ಪುಡಿಗೆ ಅದೇ ಶಿಕ್ಷೆಯಾಗಲು ೫೦೦ ಗ್ರಾಂ ಬೇಕಾಗಿತ್ತು. ೨೦೧೦ರಲ್ಲಿ ಮಾತ್ರ ಆ ೫ ಗ್ರಾಂ ೨೮ಕ್ಕೆ ಏರಿತು. ತಕ್ಕಡಿಯೇ ಸರಿಯಿಲ್ಲದ ಕಡೆ ನೀತಿಯ ತೂಕವನ್ನು ಯಾರು ನಂಬುವರು ಎಂದು ಅವರು ಕೇಳಿದರೆ, ಉತ್ತರ ಕೊಡುವುದು ಸುಲಭವಲ್ಲ.

ಬೀದಿಯನ್ನು ದಾಟಿ ಬಂದವನ ಹಾಡು ಬೇರೆ ಬಗೆಯದು. ಬ್ರೂಕ್ಲಿನ್ನಿನ ಬಡವರ ವಸತಿಯಲ್ಲಿ ಬೆಳೆದು, ಎಳೆತನದಲ್ಲಿ ಮಾದಕದ್ರವ್ಯ ಮಾರಿದೆನೆಂದು ತಾನೇ ಹೇಳಿಕೊಂಡಿರುವ ಜೇ-ಜೀ, ೧೯೯೬ರಲ್ಲಿ ತಮ್ಮದೇ ಕಂಪನಿಯಿಂದ ಮೊದಲ ಸಂಪುಟವನ್ನು ಹೊರತಂದನು. ೨೦೧೯ರ ವೇಳೆಗೆ ಅವನ ಆಸ್ತಿ ನೂರು ಕೋಟಿ ಡಾಲರು ಮುಟ್ಟಿತೆಂದು ಫೋರ್ಬ್ಸ್ ಪತ್ರಿಕೆ ಲೆಕ್ಕ ಹಾಕಿತು. ೨೦೧೭ರ "ದಿ ಸ್ಟೋರಿ ಆಫ್ ಓ.ಜೆ." ಎಂಬ ಹಾಡಿನಲ್ಲಿ ಅವನ ಪಶ್ಚಾತ್ತಾಪ ಕೇಳತಕ್ಕದ್ದು: ಡಂಬೋ ಎಂಬ ಬಡಾವಣೆಯಲ್ಲಿ ಆಗ ಇಪ್ಪತ್ತು ಲಕ್ಷಕ್ಕೆ ಸಿಗುತ್ತಿದ್ದ ಕಟ್ಟಡವನ್ನು ಕೊಳ್ಳದೆಹೋದೆನಲ್ಲಾ, ಈಗ ಅದಕ್ಕೆ ಎರಡೂವರೆ ಕೋಟಿ ಡಾಲರು ಬೆಲೆ! ನಾವು ಇದನ್ನು ಕೇಳಿ ನಕ್ಕೆವು. ಜಯನಗರದಲ್ಲಿ ಅಂದು ಒಂದು ನಿವೇಶನ ಹಿಡಿಯಲಿಲ್ಲವೆಂದು ಕೊರಗುವ ಹಿರಿಯರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅದೇ ಹಾಡಿನಲ್ಲಿ, ಕೊಂಡ ಚಿತ್ರಪಟದ ಬೆಲೆ ಬೆಳೆದುದನ್ನೂ, ಅದನ್ನು ಮಕ್ಕಳಿಗೆ ಬಿಟ್ಟುಹೋಗುವ ಆಸೆಯನ್ನೂ ಹೇಳುತ್ತಾನೆ. ಎಷ್ಟು ಸಿರಿ ಬಂದರೂ ಲೋಕವು ತನ್ನ ಮೈಬಣ್ಣವನ್ನೇ ನೋಡುತ್ತದೆಂಬ ನೋವನ್ನೂ ಹೇಳುತ್ತಾನೆ. ಹಸಲ್‌ಗಾರನು ಗೃಹಸ್ಥನಾಗಿದ್ದಾನೆ, ಹಣ ಏನನ್ನು ಕೊಳ್ಳಲಾರದೆಂಬುದೂ ಅವನಿಗೆ ತಿಳಿದಿದೆ.

ಕಡೆಯದಾಗಿ ಕ್ಯಾಲಿಫೋರ್ನಿಯಾದ ಕಾಂಪ್ಟನ್ ಊರಿನ ಕೆಂಡ್ರಿಕ್ ಲಾಮಾರ್ ೨೦೧೫ರಲ್ಲಿ ಹಾಡಿದ, ಒಂದು ಡಾಲರಿನ ಬೆಲೆಯೆಷ್ಟೆಂದು ಕೇಳುವ ಹಾಡು. ದಕ್ಷಿಣ ಆಫ್ರಿಕದಲ್ಲಿ ಪೆಟ್ರೋಲು ತುಂಬಿಸಿಕೊಳ್ಳುವ ಕಡೆ ಒಬ್ಬ ಭಿಕ್ಷುಕನು ಗಾಯಕನ ಬಳಿ ಹತ್ತು ರ್‍ಯಾಂಡ್ ಬೇಡುತ್ತಾನೆ. ಕುಡುಕನೋ ವ್ಯಸನಿಯೋ ಇರಬೇಕೆಂದು ಗಾಯಕನು ಕೊಡುವುದಿಲ್ಲ. ತಾನು ಕಷ್ಟಪಟ್ಟು ಗಳಿಸಿದ್ದು, ತನ್ನದು ತನಗೆ ಎಂದು ವಾದಿಸುತ್ತಾನೆ. ಕೊನೆಗೆ ಭಿಕ್ಷುಕನು ತಾನೇ ದೇವರೆಂದು ತಿಳಿಸಿ, ನೀನು ಉಳಿಸಿಕೊಂಡ ಆ ಹಣದ ಬೆಲೆ ಸ್ವರ್ಗದಲ್ಲಿ ನಿನಗಿದ್ದ ಸ್ಥಳವೆಂದು ಹೇಳುತ್ತಾನೆ. ನಮ್ಮ ಓದುಗರಿಗೆ ಇಲ್ಲಿ ಪುರಂದರದಾಸರ ಐತಿಹ್ಯವು ನೆನಪಾಗದೆ ಇರದು. ಬೇಡಲು ಬಂದ ಬಡಬ್ರಾಹ್ಮಣನನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದ ವರ್ತಕ ಶ್ರೀನಿವಾಸ ನಾಯಕರು, ಹೆಂಡತಿಯ ಮೂಗುತಿಯ ನೆಪದಿಂದ ಕಣ್ತೆರೆದರಷ್ಟೆ. ಎರಡಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೂ ಎರಡರಲ್ಲಿಯೂ ಬಂದ ಅತಿಥಿ ಒಬ್ಬನೇ.

ಮನೆಯ ಲೆಕ್ಕದ ಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಇರುತ್ತದೆ. ಹಣದ ಹಾಡನ್ನು ಪರೀಕ್ಷಿಸಲು ಇದೇ ನಮಗೆ ತೋರಿದ ಕ್ರಮ. ಹಣ ಬಂದುದನ್ನು ಹಾಡುವವನು, ಅದಕ್ಕಾಗಿ ತಾನೂ ಇತರರೂ ತೆತ್ತುದನ್ನು ಬರೆದಿದ್ದಾನೆಯೆ? ಬರೆದಿದ್ದರೆ ಮಕ್ಕಳು ಕೇಳಲಿ, ನಾವೂ ಕೇಳೋಣ. ಜಮಾ ಮಾತ್ರ ಬರೆದು ಖರ್ಚನ್ನು ಬಚ್ಚಿಟ್ಟ ಹಾಡು, ತಾಳವೆಷ್ಟು ಸೊಗಸಾಗಿದ್ದರೂ, ಸುಳ್ಳು ಲೆಕ್ಕ.

ಇದನ್ನೆಲ್ಲ ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ನಾನು ಇತಿಹಾಸ ಓದುತ್ತೇನೆಂದಾಗ ನೀವು ಕೇಳಿದ ಮೊದಲನೆಯ ಮಾತು ನೆನಪಿದೆಯೆ?" ಎಂದನು. ನೆನಪಿತ್ತು. "ಅದರಿಂದ ಸಂಬಳವೇನು ಬಂದೀತು?" ಎಂದು ಕೇಳಿ, ಅವನನ್ನು ಎಂಜಿನಿಯರಿಂಗಿಗೆ ಸೇರಿಸಿದವರು ನಾವೇ. ದುಡ್ಡೇ ದೊಡ್ಡಪ್ಪನೆಂದು ಅವನಿಗೆ ಮೊದಲು ಕಲಿಸಿದವರು ಅಮೆರಿಕದ ಗಾಯಕರಲ್ಲ. ನಮ್ಮ ಆ ಮಾತಿಗೆ ಅವನು ತೆತ್ತುದೇನೆಂಬುದನ್ನು ನಾವು ಈವರೆಗೆ ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ.

ಉತ್ತರ ಹೊಳೆಯದೆ ನಾವು ಅವನನ್ನು ಆ ಹಾಡನ್ನು ಇನ್ನೊಮ್ಮೆ ಹಾಕುವಂತೆ ಕೇಳಿಕೊಂಡೆವು. ಈ ರಜದಲ್ಲಿ ಅವನ ಮುಂದಿನ ಓದಿನ ವಿಷಯವನ್ನು ಕುರಿತು ಕುಳಿತು ಮಾತಾಡುವುದೆಂದು ನಿಶ್ಚಯವಾಗಿದೆ. ಈ ಸಲ ಸಂಬಳದ ಮಾತನ್ನು ಮೊದಲು ಎತ್ತುವುದಿಲ್ಲವೆಂದು ಒಪ್ಪಿಕೊಂಡಿದ್ದೇವೆ. ಇಂಥ ಹಾಡು ಕೇಳುವ ಮಕ್ಕಳಿರುವ ಗೃಹಸ್ಥರು, ರೇಗುವ ಮೊದಲು ಅವರಿಂದ ಒಂದು ಚರಣದ ಅರ್ಥವನ್ನು ಕೇಳಿ ತಿಳಿಯಬೇಕೆಂದು ನಮ್ಮ ವಿಜ್ಞಾಪನೆ.