ಘಟೋತ್ಕಚನಿಗೆ ಬೋನಸ್ ಆಕ್ಷನ್ ಬೇಕಾ?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರಲ್ಲಿ ಒಂದು ಪಂಗಡ ಇದೆ. ಕಾಳಗ ಶುರುವಾದ ಕೂಡಲೇ ಮಂತ್ರ ಹಾಕಿ ಎಂಟು ತೋಳ ಕರೆಸಿಕೊಳ್ಳುವ ಪಂಗಡ. ಇವರ ಮೇಲೆ ನನಗೆ ವೈಯಕ್ತಿಕ ದ್ವೇಷ ಏನೂ ಇಲ್ಲ. (ಇದೆ, ಸ್ವಲ್ಪ :-))

ಆಟ ಗೊತ್ತಿಲ್ಲದ ಗೆಳೆಯರಿಗೆ ಎರಡೇ ಮಾತು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದು. ಕಥೆ ನಡೆಸುವವನಿಗೆ ಡಿಎಂ ಅಂತಾರೆ. ನಮ್ಮೂರ ಕಡೆ ನಾಟಕದ ಹಾರ್ಮೋನಿಯಂ ಮೇಷ್ಟ್ರು ಇರ್ತಾರಲ್ಲ, ಹಾಗೆ ಅಂದ್ಕೊಳ್ಳಿ. ಕಾಳಗ ಬಂದರೆ ಸರದಿ ಪ್ರಕಾರ ಆಡಬೇಕು: ಒಂದು ಸರದಿಗೆ ಒಂದು ಆಕ್ಷನ್, ಕೆಲವು ಸಲ ಜೊತೆಗೊಂದು ಬೋನಸ್ ಆಕ್ಷನ್. ತಕರಾರು ಹುಟ್ಟೋದು ಇಲ್ಲೇ. ಮಂತ್ರದಿಂದ ಕರೆಸಿದ ಸಹಾಯಕ ಯಾರ ಸರದಿಯಲ್ಲಿ ಆಡಬೇಕು? ಅವನಿಗೆ ಅಪ್ಪಣೆ ಕೊಡೋದಕ್ಕೆ ನೀವೇನು ಖರ್ಚು ಮಾಡಬೇಕು?

2014ರ ನಿಯಮದಲ್ಲಿ ಕಾಂಜ್ಯೂರ್ ಅನಿಮಲ್ಸ್ ಅನ್ನೋ ಮಂತ್ರಕ್ಕೆ ಉತ್ತರ: ಏನೂ ಖರ್ಚಿಲ್ಲ! ಬಾಯಲ್ಲಿ ಹೇಳಿದರೆ ಸಾಕು, ಎಂಟೂ ತೋಳ ತಮ್ಮದೇ ಸರದಿಯಲ್ಲಿ ನುಗ್ಗುತ್ತವೆ. ಗುಂಪಾಗಿ ಬೇಟೆಯಾಡುವ ಪ್ರಾಣಿ ಆದ್ದರಿಂದ ಪ್ರತಿ ತೋಳಕ್ಕೂ ಇಪ್ಪತ್ತು ಮುಖದ ದಾಳ ಎರಡೆರಡು. ಎಂಟೆರಡಲಿ ಹದಿನಾರು. ತಗುಲಿದರೆ ಏಟಿನ ಲೆಕ್ಕಕ್ಕೆ ಮತ್ತೆರಡು ದಾಳ. ಕಚ್ಚಿಸಿಕೊಂಡವನು ನೆಲಕ್ಕೆ ಬಿದ್ದನೋ ಇಲ್ಲವೋ ಅನ್ನೋದಕ್ಕೆ ಇನ್ನೊಂದು. ಇದೆಲ್ಲ ಒಬ್ಬನೇ ಆಟಗಾರನ ಒಂದೇ ಸುತ್ತಿಗೆ. ಆಮೇಲೆ ಅವನ ಸ್ವಂತ ಸರದಿ ಬೇರೆ!

ನಮ್ಮ ಗುಂಪಿನಲ್ಲಿ ಐದು ಜನ. ಡಿಎಂ ಮತ್ತು ನಾನು ಪಾಂಡವಪುರದವರು. ಉಳಿದವರು ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದಿಂದ ಒಬ್ಬೊಬ್ಬರು. ಎಲ್ಲರಿಗೂ ಕೆಲಸ ಬೆಂಗಳೂರಿನಲ್ಲಿ. ಊರಿಗೆ ಬರೋದು ತಿಂಗಳಿಗೊಮ್ಮೆ, ಆ ಭಾನುವಾರ ಮಾತ್ರ ಆಟ. ನಾಗಮಂಗಲದವನು ಜಕ್ಕನಹಳ್ಳಿ ದಾರಿಯಲ್ಲಿ ಬಸ್ಸು ಹಿಡಿದು ಬಂದು, ನಾಲ್ಕು ಗಂಟೆ ಕೂತು, ಕಳೆದ ತಿಂಗಳು ಮೂರು ಸಲ ಕತ್ತಿ ಬೀಸಿದ. ಮೂರೇ ಸಲ! ಹೊರಡುವಾಗ ಅಂದ: "ನಾನ್ ಯಾಕ್ ಬರ್ಬೇಕ್ಲಾ ಮಗಾ? ನಿಮ್ ತೋಳ್ಗಳ ಲೆಕ್ಕ ಬರ್ಯಕಾ?"

ಇದು ನಮಗೆ ಹೊಸ ರೋಗವಲ್ಲ ಬಿಡಿ. ಮಂಡ್ಯ ಸೀಮೆಯ ಕುರುಕ್ಷೇತ್ರ ನಾಟಕ ನೋಡಿದವರಿಗೆ ಗೊತ್ತು. ಪಾತ್ರಕ್ಕೆ ದುಡ್ಡು ಕಟ್ಟಿದವನು ಸುಮ್ಮನೆ ಇಳೀತಾನಾ? ಒಂದೊಂದು ಪದ್ಯಕ್ಕೂ ಆಲಾಪ, ವನ್ಸ್ ಮೋರ್, ಮತ್ತೆ ಆಲಾಪ. ಕೊನೆಗೆ ಭೀಮ ದುರ್ಯೋಧನರ ಗದಾಯುದ್ಧದ ಹೊತ್ತಿಗೆ ಬೆಳಕು ಹರಿದು, ಜನ ಎದ್ದು ಹಾಲು ಕರೆಯೋಕೆ ಹೋಗಿರ್ತಾರೆ.

ಆಟ ಮಾಡಿದವರಿಗೂ ಇದು ಗೊತ್ತಾಯಿತು, ಸರಿಪಡಿಸಲು ಹೊರಟರು. 2020ರ ಟಾಶಾ ಪುಸ್ತಕದಲ್ಲಿ ಹೊಸ ಮಂತ್ರಗಳು ಬಂದವು: ಹಿಂಡು ಬೇಡ, ಒಂದೇ ಪ್ರಾಣಿ, ಅದೂ ನಿಮ್ಮ ಸರದಿ ಮುಗಿದ ತಕ್ಷಣ ಆಡುತ್ತೆ. ನೀವು ಏನೂ ಹೇಳದಿದ್ದರೆ ತಪ್ಪಿಸಿಕೊಂಡು ನಿಲ್ಲುತ್ತೆ, ಅಷ್ಟೇ. ರೇಂಜರನ ಜೊತೆಗಾರ ಪ್ರಾಣಿ ಕಚ್ಚಬೇಕಾದರೆ ನಿಮ್ಮ ಬೋನಸ್ ಆಕ್ಷನ್ ಬೇಕು. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ನಿಮ್ಮ ಮೂರು ಆಕ್ಷನ್‌ನಲ್ಲಿ ಒಂದು ಕೊಟ್ಟರೆ ಪ್ರಾಣಿಗೆ ಎರಡು. 2024ರಲ್ಲಂತೂ ಕಾಂಜ್ಯೂರ್ ಅನಿಮಲ್ಸ್‌ನ ತೋಳಗಳೇ ಮಾಯ! ಈಗ ಅದು ಹಿಂಡಿನ ಆಕಾರದ ಒಂದು ಮಾಯೆ, ಹತ್ತಿರ ಬಂದವರಿಗೆ ಏಟು ಬೀಳುತ್ತೆ.

ಹೊತ್ತು ಉಳೀತು, ಒಪ್ಪುತ್ತೇನೆ. ಆದರೆ ಸಹಾಯಕ ಸತ್ತ. ಪ್ರತಿ ಆರು ಸೆಕೆಂಡಿಗೂ ಹೇಳಿದರೆ ಮಾತ್ರ ಕಚ್ಚುವ ಪ್ರಾಣಿ ಪ್ರಾಣಿಯಲ್ಲ, ಗುಂಡಿ ಒತ್ತಿದರೆ ತಿರುಗುವ ಮಿಕ್ಸಿ. ಕೆ.ಆರ್.ಪೇಟೆ ಗೆಳೆಯನ ಮನೆಯಲ್ಲಿ ಹಳ್ಳಿಕಾರ್ ಎತ್ತುಗಳಿದ್ದವು, ಹೇಮಗಿರಿ ಜಾತ್ರೆ ನೋಡಿ ಬೆಳೆದವನು. 2014ರ ರೇಂಜರ್ ನಿಯಮ (ನಿನ್ನ ಆಕ್ಷನ್ ಬಿಟ್ಟುಕೊಟ್ಟರೆ ಮಾತ್ರ ಪ್ರಾಣಿ ದಾಳಿ ಮಾಡುತ್ತೆ) ಓದಿ ಅವನು ಬಿದ್ದು ಬಿದ್ದು ನಕ್ಕ. ಉಳುವ ಎತ್ತಿಗೆ ಹೆಜ್ಜೆಹೆಜ್ಜೆಗೂ ಯಾರಾದರೂ ಹೇಳ್ತಾರಾ? ಸಾಲಿನ ಕೊನೆಯಲ್ಲಿ ಒಂದು ಸದ್ದು ಮಾಡಿದರೆ ತಿರುಗುತ್ತೆ. ಅರ್ಧ ಗಂಟೆಗೊಮ್ಮೆ ಸ್ಟೇಟಸ್ ಕೇಳುವ ಮ್ಯಾನೇಜರುಗಳ ಕೈಕೆಳಗೆ ದುಡಿದ ನಾವೇ ವಾರಾಂತ್ಯದಲ್ಲಿ ತೋಳಗಳಿಗೆ ಮ್ಯಾನೇಜರ್ ಆಗ್ಬೇಕಾ?

ಕುಂತಿಬೆಟ್ಟದ ಬುಡದಲ್ಲಿ ಆಡುವವರು ಘಟೋತ್ಕಚನನ್ನ ಮರೆಯಬಾರದು. (ಬ್ರಿಟಿಷರು ಈ ಊರನ್ನ ಫ್ರೆಂಚ್ ರಾಕ್ಸ್ ಅಂತ ಕರೆದರೂ, ಹೆಸರು ಕೊನೆಗೆ ಪಾಂಡವರದ್ದೇ ನಿಂತಿದೆ.) ನೆನೆದರೆ ಬರುವ ಸಹಾಯಕ ಅಂದರೆ ಅವನು. ಹದಿನಾಲ್ಕನೇ ದಿನದ ರಾತ್ರಿ ಯುದ್ಧದಲ್ಲಿ ಅವನಿಗೆ ಸಿಕ್ಕ ಅಪ್ಪಣೆ ಎಷ್ಟು? ಹೋಗಿ ಕರ್ಣನನ್ನ ತಡಿ ಅಂತ ಕೃಷ್ಣ ಕಳಿಸಿದ. ನಡುವೆ ಅಲಾಯುಧ ಬಂದು ಭೀಮನನ್ನ ಕಂಗೆಡಿಸಿದಾಗ, ಮೊದಲು ಇವನನ್ನ ಮುಗಿಸು ಅಂದ. ಎರಡೇ ದೊಡ್ಡ ಅಪ್ಪಣೆ. ಮಾಯೆ ಯಾವುದು, ಏಟು ಎಲ್ಲಿಗೆ, ಎಲ್ಲ ಅವನ ತಲೆಯಲ್ಲೇ. ಕರ್ಣ ಅರ್ಜುನನಿಗೆಂದು ಇಟ್ಟುಕೊಂಡಿದ್ದ ಶಕ್ತ್ಯಾಯುಧ ಇವನ ಮೇಲೆ ಖರ್ಚಾಯಿತು. ಬೀಳುವಾಗಲೂ ಮೈ ಹಿಗ್ಗಿಸಿಕೊಂಡು ಒಂದು ಅಕ್ಷೌಹಿಣಿಯ ಮೇಲೆ ಬಿದ್ದ. ಭೀಮ ಪ್ರತಿ ಸುತ್ತಿಗೂ ಬೋನಸ್ ಆಕ್ಷನ್ ಖರ್ಚು ಮಾಡುತ್ತಾ ಕೂತಿದ್ದರೆ?

ಹಾಗಾಗಿ ನನ್ನ ವಾದ ಇಷ್ಟು. ಕರೆಸಿದಾಗಲೇ ಒಂದು ವಾಕ್ಯದಲ್ಲಿ, ಕನ್ನಡದಲ್ಲಿ, ಅಪ್ಪಣೆ ಕೊಡಿ: "ಸೇತುವೆ ದಾಟೋಕೆ ಯಾರನ್ನೂ ಬಿಡಬೇಡಿ." ಅದು ಬದಲಿಸುವ ತನಕ ಚಾಲ್ತಿ. ಬದಲಿಸಬೇಕಾ? ಪೂರ್ತಿ ಆಕ್ಷನ್ ಕೊಡಿ, ನೋವಾಗಲಿ. ಇದರ ಬೀಜ 2014ರ ಅನಿಮೇಟ್ ಡೆಡ್‌ನಲ್ಲೇ ಇದೆ: ಒಮ್ಮೆ ಹೇಳಿದ ಕೆಲಸವನ್ನ ಅಸ್ಥಿಪಂಜರ ಮುಗಿಯುವವರೆಗೂ ಮಾಡುತ್ತಲೇ ಇರುತ್ತೆ. ಅಸ್ಥಿಪಂಜರಕ್ಕಿರುವ ಮರ್ಯಾದೆ ತೋಳಕ್ಕೆ ಯಾಕಿಲ್ಲ?

ತೋಳಗಳ ದಾಳ ಹಾಕುವವರು ಯಾರು? ಸರದಿ ಕಾಯುತ್ತಾ ಕೂತವನು, ಅಂದರೆ ನಾಗಮಂಗಲದವನು. ಅಪ್ಪಣೆಯ ಅರ್ಥ ಮಾಡೋದೂ ಅವನೇ, ಜಗಳ ಬಿದ್ದರೆ ಡಿಎಂ ತೀರ್ಮಾನ. ಎಂಟು ತೋಳಕ್ಕೆ ಎಂಟು ಲೆಕ್ಕ ಬೇಡ, ಎರಡು ಗುಂಪು ಮಾಡಿ ಎರಡು ಸಲ ದಾಳ ಹಾಕಿದರೆ ಸಾಕು. ಹೀಗೆ ಮಾಡಿದರೆ ತೋಳ ತಪ್ಪು ಮಾಡಬಹುದು, ಸೇತುವೆ ದಾಟಲು ಬಂದ ನಮ್ಮವನನ್ನೇ ತಡೆಯಬಹುದು. ತಡೀಲಿ! ಮಾತು ಬಿಗಿಯಾಗಿ ಆಡೋದೂ ಮಂತ್ರವಾದಿಯ ಕಸುಬಲ್ಲವೇ?

ಶ್ರೀರಂಗಪಟ್ಟಣದ ಗೆಳೆಯ (ತೋಳಗಳ ಯಜಮಾನ) ಇನ್ನೂ ಒಪ್ಪಿಲ್ಲ. "ಮಂತ್ರ ಖರ್ಚಾಗೋದು ನಂದು, ದಾಳ ಬೇರೆಯವ್ರ ಕೈಲಾ?" ಅಂತಾನೆ. ಅವನ ಸಿಟ್ಟಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಆದರೆ ಪೂರ್ತಿ ಹಿಡಿತ ಬೇಕು ಅನ್ನೋನು ಬೆಂಕಿಯುಂಡೆ ಎಸೀಲಿ. ಜೀವ ಇರೋದನ್ನ ಕರೆಸಿದ ಮೇಲೆ ಅದಕ್ಕೂ ಒಂದು ಮನಸ್ಸಿರುತ್ತೆ.

ಮುಂದಿನ ಲೆವೆಲ್‌ಗೆ ಅವನ ಡ್ರೂಯಿಡ್‌ಗೆ ಕಾಂಜ್ಯೂರ್ ಎಲಿಮೆಂಟಲ್ ಸಿಗುತ್ತೆ. 2014ರ ಪುಸ್ತಕದಲ್ಲಿ, ಏಟು ತಿಂದು ಮಂತ್ರವಾದಿಯ ಏಕಾಗ್ರತೆ ಮುರಿದರೆ ಕರೆಸಿದ ಭೂತ ಮಾಯವಾಗಲ್ಲ, ತಿರುಗಿಬೀಳುತ್ತೆ. 2024ರಲ್ಲಿ ಅದನ್ನೂ ತೆಗೆದು ಹಾಕಿದ್ದಾರೆ. ನಮ್ಮ ಮೇಜಿನಲ್ಲಿ ಹಳೆಯದೇ ಇರಲಿ ಅಂತ ಡಿಎಂ ಹತ್ರ ಈಗಲೇ ಹೇಳಿಟ್ಟಿದ್ದೀನಿ :-)