ಗೃಹಸ್ಥರ ಪ್ರಯಾಣ: ಒಂದು ದಿನದ ಊಟ, ಒಂದು ದಿನದ ನೀರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಿಗೆ ಒಂದು ದಿನದ ಮಟ್ಟಿಗೆ ಹೋಗಿಬರತಕ್ಕವರು ಎಲ್ಲಿ ಉಣ್ಣಬೇಕು, ಏನನ್ನು ಕುಡಿಯಬೇಕು ಎಂಬ ವಿಷಯವಾಗಿ ಬರೆಯಬೇಕೆಂದು ವಾಚಕರು ಆಗಾಗ ಕೇಳುತ್ತಿರುವರು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಜಿಲ್ಲೆಯ ಕೇಂದ್ರವಾದ ಮೇಲೆ ಕಚೇರಿಯ ಕೆಲಸಕ್ಕಾಗಿ ಆ ಕಡೆಗೆ ಹೋಗುವವರು ಹೆಚ್ಚಿರುವರು. ಮದುವೆ, ಹರಕೆ, ಹೆಣ್ಣು ನೋಡುವ ಶಾಸ್ತ್ರ, ರೇಷ್ಮೆಗೂಡಿನ ವ್ಯಾಪಾರ ಇವು ಮೊದಲಿನಿಂದಲೂ ಉಂಟು. ಹೋಟೆಲುಗಳ ಹೆಸರಿನ ಪಟ್ಟಿಯನ್ನು ಕೊಡುವುದು ಮಾತ್ರ ನಮ್ಮಿಂದಾಗದು. ಅಡುಗೆಯವನು ಬದಲಾದರೆ ಹೋಟೆಲೂ ಬದಲಾದಂತೆಯೇ. ಬೋರ್ಡು ಮಾತ್ರ ಹಳೆಯದಾಗಿ ಉಳಿಯುವುದು. ಹೆಸರನ್ನು ತಿಳಿದವನಿಗಿಂತ ಊರಿನ ಹೊತ್ತನ್ನು ತಿಳಿದವನಿಗೆ ಒಳ್ಳೆಯ ಊಟ ದೊರೆಯುವುದೆಂಬುದು ನಮ್ಮ ಅನುಭವ.

ಮೊದಲು ದಾರಿಯ ಮಾತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ಮೂರೂ ಕೋಲಾರದ ರೈಲುದಾರಿಯಲ್ಲಿ ಒಂದರ ಮುಂದೊಂದು ಬರುವುವು. ಹಿಂದೆ ಸಣ್ಣ ರೈಲು ಓಡುತ್ತಿದ್ದ ಈ ದಾರಿಯು 2013ರಲ್ಲಿ ಕೋಲಾರದವರೆಗೂ ದೊಡ್ಡ ಹಳಿಯ ದಾರಿಯಾಯಿತು. ಗೌರಿಬಿದನೂರು ಈ ಸಾಲಿನದಲ್ಲ. ಅದು ದೊಡ್ಡಬಳ್ಳಾಪುರದಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿರುವುದು. ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸುವೆನೆಂದು ಹೊರಟವರು ಊಟವನ್ನು ಬಸ್ಸಿನಲ್ಲಿಯೇ ಮುಗಿಸಬೇಕಾಗುವುದು.

ಶಿಡ್ಲಘಟ್ಟಕ್ಕೆ ಬೆಳಗ್ಗೆಯೇ ಹೋಗತಕ್ಕದ್ದು. ಅಲ್ಲಿಯ ಗೂಡಿನ ಮಾರುಕಟ್ಟೆಯು ರಾಮನಗರದ್ದರೊಡನೆ ನಮ್ಮ ನಾಡಿನ ಬಹು ದೊಡ್ಡ ಮಾರುಕಟ್ಟೆಗಳಲ್ಲೊಂದು. ರೈತರು ಗೂಡನ್ನು ತೆಗೆದುಕೊಂಡು ನಸುಕಿಗೇ ಊರು ಬಿಟ್ಟು ಬಂದಿರುವರು. ಅವರಿಗೆ ಹೊಟ್ಟೆಗೆ ಬೇಡವೆ? ಅದರಿಂದಾಗಿ ಆ ಸುತ್ತಿನಲ್ಲಿ ಬೆಳಗಿನ ಇಡ್ಲಿಯೂ ಚಹವೂ ಬಿಸಿಯಾಗಿಯೇ ಇರುವುವು, ಪಾತ್ರೆಯು ಬರಿದಾಗಲು ಹೊತ್ತು ಹಿಡಿಯದು. ನೂಲು ತೆಗೆಯುವ ಕಸಬಿನಲ್ಲಿ ಮುಸಲ್ಮಾನ ಮನೆತನಗಳು ಬಹಳವಾಗಿರುವುದರಿಂದ ಮಾಂಸಾಹಾರಿಗಳಿಗೂ ಅಲ್ಲಿ ಕೊರತೆಯಿಲ್ಲ. ಹರಾಜು ಮುಗಿದು ಜನ ಚದುರಿದ ಮೇಲೆ ಹೋದವರಿಗೆ ದೊರೆಯತಕ್ಕದ್ದು ಉಳಿದದ್ದು.

ಉಳಿದದ್ದರ ವಿಷಯದಲ್ಲಿ ನಮಗೊಂದು ಪಾಠವಾಗಿದೆ. ಊರಿನ ಹೆಸರು ಬೇಡ. ಒಂದು ಬೇಸಗೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಬಸ್ಸಿಗಾಗಿ ಕಾಯುತ್ತ, ಹಸಿದ ಮಗುವಿಗೆ ದೋಸೆಯನ್ನು ಕೊಡಿಸಿದೆವು. ದೋಸೆ ಕಾವಲಿಯಿಂದ ಆಗತಾನೆ ಎದ್ದದ್ದು, ಅದರಲ್ಲಿ ದೋಷವಿರಲಿಲ್ಲ. ಕಾಯಿಚಟ್ನಿಯು ಬೆಳಗ್ಗೆ ಅರೆದದ್ದು. ಆ ರಾತ್ರಿಯೂ ಮರುದಿನವೂ ಮಗುವಿನ ವಾಂತಿ ನಿಲ್ಲಲಿಲ್ಲ. ಕಣ್ಣು ಗುಳಿಬಿದ್ದುದನ್ನು ಕಂಡು ನಮ್ಮ ಮನೆಯವರ ಕೈಕಾಲು ತಣ್ಣಗಾದುವು. ಉಪ್ಪು ಸಕ್ಕರೆಯ ನೀರನ್ನು ಚಮಚಚಮಚವಾಗಿ ಕುಡಿಸುತ್ತ ವೈದ್ಯರ ಬಾಗಿಲಿನಲ್ಲಿ ಬೆಳಗು ಮಾಡಿದೆವು. ಅಂದಿನಿಂದ ಹೊತ್ತು ಮೀರಿದ ಮೇಲೆ ನಾವು ಚಟ್ನಿಯನ್ನು ಮುಟ್ಟುವುದಿಲ್ಲ. ಚಟ್ನಿಪುಡಿಯ ಡಬ್ಬಿಯೊಂದು ಚೀಲದಲ್ಲಿರುವುದು. ಹೋಟೆಲಿನವರು ನಕ್ಕರೆ ನಗಲಿ.

ಚಿಕ್ಕಬಳ್ಳಾಪುರದಲ್ಲಿ ಮಧ್ಯಾಹ್ನದ ಊಟವೇ ಮುಖ್ಯ. ಹೈದರಾಬಾದಿನ ಹೆದ್ದಾರಿಯ ಬದಿಯಲ್ಲಿ ಹೊಳೆಯುವ ಹೋಟೆಲುಗಳುಂಟು. 2023ರ ಜನವರಿಯಲ್ಲಿ ಆದಿಯೋಗಿಯ ವಿಗ್ರಹವು ಅಲ್ಲಿ ಅನಾವರಣವಾದ ಮೇಲೆ ಭಾನುವಾರಗಳಲ್ಲಿ, ನಂದಿಬೆಟ್ಟದ ಜನವೂ ಸೇರಿ, ಆ ದಾರಿಯಲ್ಲಿ ಕುಳಿತುಕೊಳ್ಳಲು ಸ್ಥಳ ಸಿಕ್ಕುವುದೇ ಪುಣ್ಯ. ಆದರೆ ಅಲ್ಲಿ ಬೆಂಗಳೂರಿನಲ್ಲಿ ದೊರೆಯುವುದೇ ದೊರೆಯುವುದು. ಊರೊಳಕ್ಕೆ ಹೋಗಿ, ಮನೆಯ ಮುಂಭಾಗದಲ್ಲಿ ನಾಲ್ಕು ಮೇಜು ಹಾಕಿ ಮುದ್ದೆಯೂಟ ಬಡಿಸುವ ಮೆಸ್ಸನ್ನು ವಿಚಾರಿಸಬೇಕು. ಕಚೇರಿಯ ಜವಾನರು ಎಲ್ಲಿ ಉಣ್ಣುವರೆಂದು ಕೇಳಿದರೆ ಸಾಕು. ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಹೋದರೆ ಮುದ್ದೆಯು ಕೈಸುಡುವಂತಿರುವುದು. ಸೊಪ್ಪುಬೇಳೆಗಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಮಾಡಿದ ಬಸ್ಸಾರು, ಬಸಿದುಳಿದುದರ ಪಲ್ಯ. ಅಥವಾ ಎಲ್ಲವನ್ನೂ ಕೂಡಿಸಿ ಮಸೆದ ಮಸೊಪ್ಪು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಲೆನಾಡಿನ ನಮ್ಮ ಬಂಧುಗಳೊಬ್ಬರು ಅಗಿಯಲು ಹೋಗಿ ಪಟ್ಟ ಪಾಡನ್ನು ಇಲ್ಲಿ ಬರೆದರೆ ಅವರು ಈ ಪತ್ರಿಕೆಯನ್ನು ಬಿಟ್ಟುಬಿಡುವರು.

ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದಲ್ಲಿ ಹೋಗುವವರ ಭಾಗ್ಯವೇ ಬೇರೆ. ಆಗ ಅವರೆಯ ಕಾಲ. ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡು ಸಂತೆಯ ಬೀದಿಯನ್ನೆಲ್ಲ ತುಂಬಿರುವುದು. ಕಾಳನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನೇ ಹಿತಕಿ ಸಿಪ್ಪೆಯಿಂದ ಬೇಳೆಯನ್ನು ಹೊರಡಿಸುವ ಕೆಲಸವು ಎಂತಹುದೆಂಬುದನ್ನು ನಮ್ಮ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಆದುದರಿಂದ ಹಿತಕಿದ ಬೇಳೆಯ ಸಾರಿಗೆ ಹೋಟೆಲಿನವರು ನಾಲ್ಕು ಕಾಸು ಹೆಚ್ಚಾಗಿ ಕೇಳಿದರೆ ಚೌಕಾಶಿ ಮಾಡಬೇಡಿರಿ. ಅದು ಬೇಳೆಯ ಬೆಲೆಯಲ್ಲ, ಬೆರಳಿನ ಬೆಲೆ.

ಚಿಂತಾಮಣಿಯಲ್ಲಿ ಬೇಯಿಸಿದ ಕಡಲೆಕಾಯಿಯನ್ನು ಕೊಳ್ಳಬಹುದು. ಹತ್ತಿರದ ಕೈವಾರಕ್ಕೆ ಹೋಗುವವರಿಗೆ ಯೋಗಿ ನಾರೇಯಣರ ಮಠದಲ್ಲಿ ದಾಸೋಹವುಂಟು. ಪಂಕ್ತಿಯಲ್ಲಿ ಎಲ್ಲರೂ ಒಂದಾಗಿ ಕುಳಿತು ಉಣ್ಣುವರು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕಾದರೆ ಬುತ್ತಿಯೇ ಮೇಲು. ಹೆಸರಿಗೆ ಕಾರಣವಾದ ಹಳೆಯ ಅಶ್ವತ್ಥವು 2001ರಲ್ಲಿ ಉರುಳಿಬಿದ್ದಿತು. ನಾಗರಕಲ್ಲುಗಳ ಸಾಲುಗಳು ಮಾತ್ರ ಹಾಗೆಯೇ ಇವೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳವಿದು. ಮಕ್ಕಳಿಗೆ ಅದನ್ನು ತೋರಿಸಿ ಹೇಳಿ, ಆಮೇಲೆ ನೆರಳಿನಲ್ಲಿ ಕುಳಿತು ಚಿತ್ರಾನ್ನ ಮೊಸರನ್ನಗಳ ಗಂಟನ್ನು ಬಿಚ್ಚಬಹುದು.

ಇನ್ನು ನೀರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಇಷ್ಟು ಹೊಳೆಗಳು ನಂದಿಯ ಬೆಟ್ಟಸಾಲಿನ ಸುತ್ತ ಹುಟ್ಟಿದರೂ ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಕೊಳವೆಬಾವಿಗಳು ಎಷ್ಟೋ ಕಡೆ ಸಾವಿರ ಅಡಿಗಳನ್ನೂ ಮೀರಿ ಇಳಿದಿರುವುವು. ಆಳದ ಬಂಡೆಯಿಂದ ಬರುವ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದು. ಲೀಟರಿಗೆ 1 ಮಿಲಿಗ್ರಾಮಿನವರೆಗೆ ಒಪ್ಪತಕ್ಕದ್ದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡವು ಹೇಳುವುದು.

ಇಲ್ಲಿ ಗೃಹಸ್ಥರು ಒಂದು ಭ್ರಮೆಯನ್ನು ಬಿಡಬೇಕು. ನೀರನ್ನು ಕುದಿಸಿದರೆ ರೋಗದ ಕ್ರಿಮಿಗಳು ಸಾಯುವುವು, ಫ್ಲೋರೈಡು ಹೋಗದು. ನೀರು ಆವಿಯಾಗಿ ಕಡಮೆಯಾದಷ್ಟೂ ಅದು ಗಟ್ಟಿಯಾಗುವುದು. ಬಟ್ಟೆಯಲ್ಲಿ ಸೋಸಿದರೂ ಫಲವಿಲ್ಲ. ಊರೂರಿನಲ್ಲಿರುವ ನಾಣ್ಯ ಹಾಕುವ ಶುದ್ಧನೀರಿನ ಘಟಕದಂಥವೇ ಅದನ್ನು ತೆಗೆಯಬಲ್ಲುವು. ಒಂದು ದಿನಕ್ಕೆ ಬಂದ ಅತಿಥಿಗೆ ಫ್ಲೋರೈಡಿನ ಭಯವಿಲ್ಲ, ಅದರ ಕೇಡು ವರ್ಷಗಟ್ಟಲೆ ಕುಡಿದವರಿಗೆ. ಅತಿಥಿಯು ಅಂಜಬೇಕಾದುದು ಕ್ರಿಮಿಗಳಿಗೆ. ಮನೆಯಿಂದ ತಂದ ನೀರು, ಎಳನೀರು, ಕುದಿಕುದಿಯುವ ಚಹ ಇವು ಕ್ಷೇಮ. ಕಬ್ಬಿನ ಹಾಲು ಒಳ್ಳೆಯದೇ. ಅದರೊಳಗಿನ ಮಂಜುಗಡ್ಡೆ ಎಲ್ಲಿಯ ನೀರೋ! ಮಜ್ಜಿಗೆಗೂ ಇದೇ ಮಾತು.

ನಾವು ಉಂಡ ಒಂದು ಮೆಸ್ಸಿನಲ್ಲಿ ಬಡಿಸುತ್ತಿದ್ದ ಯಜಮಾನಿಯು ನಮ್ಮ ಮುಂದೆ ಬೇರೆಯಾದೊಂದು ತಂಬಿಗೆಯನ್ನು ತಂದಿಟ್ಟಳು.

“ಇದು ಕ್ಯಾನಿನ ನೀರು ಸ್ವಾಮಿ, ಭಯವಿಲ್ಲದೆ ಕುಡೀರಿ.”

“ನೀವು ಯಾವುದನ್ನು ಕುಡೀತೀರಮ್ಮ?”

“ನಮಗೆ ಬೋರಿನದೇ ಅಭ್ಯಾಸ” ಎಂದು ನಕ್ಕಳು. ನಕ್ಕಾಗ ಹಲ್ಲುಗಳ ಮೇಲಿನ ಕಂದುಗೆರೆಗಳು ಕಂಡುವು. ಮೂವತ್ತೈದು ದಾಟಿರಲಾರದು, ತಂಬಿಗೆಯನ್ನು ಕೆಳಗಿಡಲು ಬಗ್ಗುವಾಗ ಸೊಂಟವನ್ನು ಹಿಡಿದುಕೊಳ್ಳುತ್ತಿದ್ದಳು.

ಮಕ್ಕಳಿರುವರೆ ಎಂದು ಕೇಳಿದೆವು. ಇಬ್ಬರು, ಐದು ವರ್ಷದ್ದೊಂದು, ಮೂರರದ್ದೊಂದು. ಎಂಟು ವರ್ಷದೊಳಗೆ, ಒಸಡಿನೊಳಗೆ ಹಲ್ಲು ಬೆಳೆಯುತ್ತಿರುವಾಗ ಕುಡಿದ ನೀರೇ ಹಲ್ಲಿಗೆ ಕಲೆ ಹಿಡಿಸುವುದೆಂದೂ, ಕುಡಿಯುವುದಕ್ಕಷ್ಟೇ ಅಲ್ಲದೆ ಅನ್ನಸಾರುಗಳಿಗೆ ಸುರಿದ ನೀರೂ ಲೆಕ್ಕಕ್ಕೆ ಬರುವುದೆಂದೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸೌಟನ್ನು ಹಿಡಿದು ನಿಂತಳು. ಕುಡಿಯುವುದಕ್ಕೆ ಮಕ್ಕಳಿಗೆ ಕ್ಯಾನಿನದನ್ನೇ ಕೊಡುತ್ತಿದ್ದಳಂತೆ. ಅವರ ಗಂಜಿಯನ್ನು ಮಾತ್ರ ಬೋರಿನ ನೀರಿನಲ್ಲಿ ಬೇಯಿಸುತ್ತಿದ್ದಳು. ನಾವು ಕೈತೊಳೆದು ಬರುವಷ್ಟರಲ್ಲಿ ಗಂಡನನ್ನು ಕರೆದು, ನಾಳೆಯಿಂದ ಎರಡು ಕ್ಯಾನು ತರಬೇಕೆಂದು ತೆಲುಗಿನಲ್ಲಿ ಹೇಳುತ್ತಿದ್ದಳು.